ಪೊರೆ ತೆಗೆದ ಮೇಲೆ ಕಣ್ಣೀರಿನ ಕಾವಲು

ಪೊರೆ ಆಪರೇಷನ್ ಮಾಡಿಸಿಕೊಂಡು ಬಂದ ಎರಡು-ಮೂರು ದಿನಕ್ಕೆ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಕೇಳಿಬರುವ ಮಾತೊಂದಿದೆ: “ಕಣ್ಣೇನೋ ಚೆನ್ನಾಗಿ ಕಾಣಿಸ್ತಿದೆ. ಆದ್ರೆ ಒಳಗೆ ಮರಳು ಬಿದ್ದ ಹಾಗೆ ಚುಚ್ಚುತ್ತೆ, ನೀರು ಬೇರೆ ಸುರೀತಾನೇ ಇರುತ್ತೆ.” ಆಪರೇಷನ್ ಎಲ್ಲಿ ಕೆಟ್ಟಿತೋ ಎಂದು ಹಿರಿಯರು ಅಳುಕುತ್ತಾರೆ. ನೀರು ಬರುತ್ತಿದೆಯಲ್ಲ, ಕಣ್ಣು ತನ್ನನ್ನು ತಾನೇ ತೊಳೆದುಕೊಳ್ಳುತ್ತಿದೆ ಬಿಡಿ ಎಂದು ಮಕ್ಕಳು ಸಮಾಧಾನ ಹೇಳುತ್ತಾರೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ. ಆಪರೇಷನ್ ಚೆನ್ನಾಗಿಯೇ ಆಗಿರಬಹುದು, ಆದರೆ ಕಣ್ಣೀರು ಮೊದಲಿನಂತೆ ಉಳಿದಿರುವುದಿಲ್ಲ. ಕೆಲವು ವಾರಗಳ ಕಾಲ ಅದರ ಪ್ರಮಾಣ, ಗುಣ, ಕಣ್ಣಿನ ಮೇಲೆ ನಿಲ್ಲುವ ಶಕ್ತಿ ಎಲ್ಲವೂ ತಗ್ಗಿರುತ್ತವೆ. ಸೋಂಕನ್ನು ತಡೆಯುವುದು ಕಣ್ಣೀರಿನ ನಿತ್ಯದ ಕೆಲಸ. ಆ ಕೆಲಸ ಸಡಿಲಗೊಂಡ ದಿನಗಳಲ್ಲೇ ಕಣ್ಣಿನಲ್ಲಿ ಹಸಿ ಗಾಯವೂ ಇರುತ್ತದೆ.

ಕಣ್ಣಿನ ವೈದ್ಯ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಿಬಿರ ನಡೆಸುತ್ತಿದ್ದ ಕಾಲದಲ್ಲಿ ಪೊರೆ ತೆಗೆಯಬೇಕೆಂದರೆ ಕಪ್ಪುಗುಡ್ಡೆಯ ಅಂಚಿನಲ್ಲಿ 10-12 ಮಿಲಿಮೀಟರ್ ಉದ್ದಕ್ಕೆ ಕುಯ್ಯಬೇಕಿತ್ತು. ಕಣ್ಣಿಗೆ ಪಟ್ಟಿ ಕಟ್ಟಿ ರೋಗಿಯನ್ನು ದಿನಗಟ್ಟಲೆ ಮಲಗಿಸುತ್ತಿದ್ದರು. ಹನಿ ಹಾಕುವುದು, ಪಟ್ಟಿ ಬದಲಿಸುವುದು, ಕಣ್ಣು ಒರೆಸುವುದು ಎಲ್ಲವೂ ದಾದಿಯರ ಕೈಯಲ್ಲಿತ್ತು. ಇವತ್ತು ಪೊರೆಯನ್ನು ಒಳಗೇ ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನದಲ್ಲಿ ಗಾಯ 3 ಮಿಲಿಮೀಟರಿಗೂ ಕಡಿಮೆ. ಶಿಬಿರಗಳಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ನಡೆಯುವ ಸಣ್ಣ ಗಾಯದ ವಿಧಾನದಲ್ಲೂ 6-7 ಮಿಲಿಮೀಟರ್ ಅಷ್ಟೇ. ಎರಡರಲ್ಲೂ ಸಾಮಾನ್ಯವಾಗಿ ಹೊಲಿಗೆ ಬೇಡ. ಬೆಳಗ್ಗೆ ಹೋದವರು ಸಂಜೆಗೆಲ್ಲ, ತಡವೆಂದರೆ ಮರುದಿನ, ಮನೆಗೆ ಬಂದಿರುತ್ತಾರೆ. ಹಾಗಾಗಿ ಆರೈಕೆಯ ಜವಾಬ್ದಾರಿ ವಾರ್ಡಿನಿಂದ ಮನೆಗೆ ಬಂದಿದೆ. ಮಗ, ಸೊಸೆ, ಮೊಮ್ಮಗಳು ಈಗ ಆ ದಾದಿಯ ಜಾಗದಲ್ಲಿದ್ದಾರೆ. ಆದರೆ ಅವರ ಕೈಗೆ ಸಿಗುವುದು ಒಂದು ಚೀಟಿ, ಮೂರು ಬಾಟಲಿ. ಯಾವುದನ್ನು ಯಾಕೆ ಮಾಡಬೇಕು ಎಂಬುದನ್ನು ಯಾರೂ ಕೂತು ಹೇಳುವುದಿಲ್ಲ. ಕಾರಣ ಗೊತ್ತಿದ್ದರೆ ಪಥ್ಯ ಪಾಲಿಸುವುದು ಸುಲಭ.

ಏಳು ಮೈಕ್ರೋಲೀಟರಿನಲ್ಲಿ ಏನೇನಿದೆ

ಒಂದು ಕಣ್ಣಿನ ಮೇಲೆ ಯಾವ ಹೊತ್ತಿನಲ್ಲಿ ನೋಡಿದರೂ ಇರುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್. ಬಾಟಲಿಯಿಂದ ಬೀಳುವ ಔಷಧಿಯ ಒಂದು ಹನಿ 30ರಿಂದ 50 ಮೈಕ್ರೋಲೀಟರ್ ಇರುತ್ತದೆ. ಅಂದರೆ ಆ ಹನಿಯ ಐದನೇ ಒಂದು ಭಾಗದ ಆಸುಪಾಸಿನಷ್ಟು ಕಣ್ಣೀರು ಇಡೀ ಕಣ್ಣನ್ನು ಕಾಯುತ್ತಿದೆ. ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎನ್ನುತ್ತಾರೆ. ಅದರ ಮೇಲೆ ಹರಡಿಕೊಂಡ ಕಣ್ಣೀರಿನ ದಪ್ಪ ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರು ಭಾಗದಷ್ಟು ಮಾತ್ರ. ಇಷ್ಟು ತೆಳುವಾದರೂ ಅದರಲ್ಲಿ ಪದರಗಳಿವೆ: ತಳದಲ್ಲಿ ಕಣ್ಣಿಗೆ ಅಂಟಿಕೊಂಡ ಲೋಳೆ, ನಡುವೆ ನೀರು, ಮೇಲೆ ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯ ಹಾಗೆ ತೆಳ್ಳನೆಯ ಜಿಡ್ಡು. ಲೋಳೆ ಬರುವುದು ಬಿಳಿಗುಡ್ಡೆಯ ಹೊದಿಕೆಯಲ್ಲಿರುವ ಗಾಬ್ಲೆಟ್ ಕೋಶಗಳಿಂದ. ನೀರು ಬರುವುದು ಹುಬ್ಬಿನ ಹೊರತುದಿಯ ಕೆಳಗೆ ಅಡಗಿರುವ ಕಣ್ಣೀರು ಗ್ರಂಥಿಯಿಂದ. ಜಿಡ್ಡು ಬರುವುದು ರೆಪ್ಪೆಯಂಚಿನಲ್ಲಿ, ಎವೆಗಳ ಹಿಂದೆ ಸಾಲಾಗಿ ಬಾಯಿ ತೆರೆದಿರುವ ಮೈಬೋಮಿಯನ್ ಗ್ರಂಥಿಗಳಿಂದ. ಜಿಡ್ಡು ಇಲ್ಲದಿದ್ದರೆ ನೀರು ಆವಿಯಾಗಿ ಹೋಗುತ್ತದೆ, ಲೋಳೆ ಇಲ್ಲದಿದ್ದರೆ ನೀರು ಕಣ್ಣಿಗೆ ಹತ್ತುವುದೇ ಇಲ್ಲ.

ಕಣ್ಣೀರು ಬರೀ ಉಪ್ಪುನೀರಲ್ಲ ಎಂಬುದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಲೆಕ್ಸಾಂಡರ್ ಫ್ಲೆಮಿಂಗ್. ಪೆನಿಸಿಲಿನ್ ಕಂಡುಹಿಡಿದು ಹೆಸರಾದವರೇ, ಆದರೆ ಇದು ಅದಕ್ಕೂ ಆರು-ಏಳು ವರ್ಷ ಹಿಂದಿನ ಮಾತು. 1921ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ, ನೆಗಡಿಯಾಗಿದ್ದ ತಮ್ಮ ಮೂಗಿನ ಸಿಂಬಳವನ್ನೇ ಬ್ಯಾಕ್ಟೀರಿಯಾ ಬೆಳೆಯುವ ತಟ್ಟೆಗೆ ಹಾಕಿ ನೋಡಿದರು. ಸಿಂಬಳದ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಆಮೇಲೆ ಅವರ ಕಣ್ಣು ಕಣ್ಣೀರಿನ ಮೇಲೆ ಬಿತ್ತು. ತಮ್ಮ ಕಣ್ಣಿಗೆ, ಸಹೋದ್ಯೋಗಿಗಳ ಕಣ್ಣಿಗೆ, ಪ್ರಯೋಗಾಲಯದ ಕೆಲಸದ ಹುಡುಗರ ಕಣ್ಣಿಗೆ ನಿಂಬೆಸಿಪ್ಪೆ ಹಿಂಡಿ ಕಣ್ಣೀರು ಸಂಗ್ರಹಿಸಿದರು. ಬ್ಯಾಕ್ಟೀರಿಯಾದಿಂದ ಮಬ್ಬಾಗಿದ್ದ ದ್ರವಕ್ಕೆ ಒಂದು ಹನಿ ಕಣ್ಣೀರು ಬಿಟ್ಟರೆ ಕೆಲವೇ ನಿಮಿಷದಲ್ಲಿ ಅದು ತಿಳಿಯಾಗುತ್ತಿತ್ತು. 1922ರಲ್ಲಿ ಪ್ರಕಟವಾದ ಆ ಸಂಶೋಧನೆಯಿಂದ ಲೈಸೋಜೈಮ್ ಎಂಬ ಹೆಸರು ಜಗತ್ತಿಗೆ ಬಂತು. ಅದು ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಕತ್ತರಿಸುವ ಕಿಣ್ವ.

ಫ್ಲೆಮಿಂಗ್ ಅವರ ತಟ್ಟೆಯಲ್ಲಿದ್ದದ್ದು ನಿರುಪದ್ರವಿ ಬ್ಯಾಕ್ಟೀರಿಯಾ. ರೋಗ ತರುವ ಎಷ್ಟೋ ಜಾತಿಗಳು ಲೈಸೋಜೈಮ್ ಒಂದಕ್ಕೇ ಬಗ್ಗುವುದಿಲ್ಲ. ಆದ್ದರಿಂದ ಕಣ್ಣೀರಿನಲ್ಲಿ ಅದರ ಜೊತೆಗೆ ಇನ್ನೂ ಕೆಲವು ಕಾವಲು ಪದಾರ್ಥಗಳಿವೆ. ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಕಣ್ಣೀರಿನಲ್ಲಿರುವ ಕಬ್ಬಿಣದ ಅಂಶವನ್ನೆಲ್ಲ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣ ಸಿಗದ ಬ್ಯಾಕ್ಟೀರಿಯಾ ಬೆಳೆಯಲಾರದು. ಕಬ್ಬಿಣ ಹುಡುಕಿ ತರಲು ಬ್ಯಾಕ್ಟೀರಿಯಾ ಹೊರಗೆ ಬಿಡುವ ಸಣ್ಣ ಕಣಗಳನ್ನು ಲಿಪೋಕಾಲಿನ್ ದಾರಿಯಲ್ಲೇ ಹಿಡಿಯುತ್ತದೆ. ಐಜಿಎ ಎಂಬ ಪ್ರತಿಕಾಯ ರೋಗಾಣುಗಳಿಗೆ ಅಂಟಿಕೊಂಡು, ಅವು ಕಣ್ಣಿನ ಮೇಲ್ಮೈಯನ್ನು ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಹೀಗೆ ಸಿಕ್ಕಿಬಿದ್ದದ್ದನ್ನು ಲೋಳೆ ಸುತ್ತಿಕೊಳ್ಳುತ್ತದೆ. ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ ಅದನ್ನು ಮೂಗಿನ ಕಡೆಯ ಮೂಲೆಗೆ ಗುಡಿಸುತ್ತದೆ. ಅಲ್ಲಿನ ಸಣ್ಣ ರಂಧ್ರಗಳಿಂದ ಕಣ್ಣೀರು ಮೂಗಿಗೆ ಇಳಿದುಹೋಗುತ್ತದೆ. ರಾತ್ರಿ ಕಣ್ಣು ಮುಚ್ಚಿದಾಗ ಕಣ್ಣೀರಿನ ಹರಿವು ತೀರಾ ಕಡಿಮೆಯಾಗುತ್ತದೆ. ಆಗ ಐಜಿಎ ಪ್ರಮಾಣ ಏರುತ್ತದೆ, ರಕ್ತದ ಬಿಳಿಕಣಗಳೂ ಬಂದು ಸೇರುತ್ತವೆ.

ಕಣ್ಣಿಗೆ ಕಿರಿಕಿರಿಯಾದಾಗ ಸುರಿಯುವ ನೀರು ಬೇರೆ ಬಗೆಯದು. ಅದರಲ್ಲಿ ಐಜಿಎ ಸಾಕಷ್ಟು ತೆಳುವಾಗಿರುತ್ತದೆ. ನೀರು ಹೆಚ್ಚಿದಷ್ಟು ಲೋಳೆಯೂ ಜಿಡ್ಡೂ ಹೆಚ್ಚುವುದಿಲ್ಲ. ಹಾಗಾಗಿ ಅದು ಕಣ್ಣಿನ ಮೇಲೆ ನಿಲ್ಲದೆ ಕೆನ್ನೆಗೆ ಇಳಿಯುತ್ತದೆ. ಕಣ್ಣು ಒಣಗಿದೆ ಎಂದು ಡಾಕ್ಟರು ಹೇಳಿದಾಗ “ಇಷ್ಟು ನೀರು ಸುರೀತಿದೆಯಲ್ಲ ಸಾರ್” ಎಂದು ರೋಗಿಗಳು ಅಚ್ಚರಿಪಡುವುದು ಇದಕ್ಕೇ. ಒಣಗಿದ ಕಣ್ಣು ಉರಿಯುತ್ತದೆ, ಉರಿದಾಗ ನೀರು ಬರುತ್ತದೆ, ಬಂದ ನೀರು ನಿಲ್ಲುವುದಿಲ್ಲ.

ಕುಯ್ದಾಗ ಕಳೆದುಕೊಳ್ಳುವುದು

ಕಾರ್ನಿಯಾದಷ್ಟು ದಟ್ಟವಾಗಿ ನರದ ತುದಿಗಳಿರುವ ಜಾಗ ನಮ್ಮ ಮೈಯಲ್ಲಿ ಇನ್ನೊಂದಿಲ್ಲವೆಂದೇ ಹೇಳಬಹುದು. ಒಂದು ಧೂಳಿನ ಕಣ ತಾಗಿದರೂ ಪ್ರಾಣ ಹೋದ ಹಾಗಾಗುವುದು ಅದರಿಂದ. ಈ ನರಗಳು ಒಣಗಿದ್ದನ್ನು, ತಂಪನ್ನು, ಸ್ಪರ್ಶವನ್ನು ಸದಾ ಮಿದುಳಿಗೆ ಹೇಳುತ್ತಿರುತ್ತವೆ. ಮಿದುಳು ಕಣ್ಣೀರು ಗ್ರಂಥಿಗೆ ಸ್ರವಿಸು ಎನ್ನುತ್ತದೆ, ರೆಪ್ಪೆಗೆ ಬಡಿ ಎನ್ನುತ್ತದೆ. ಕಾರ್ನಿಯಾದ ಅಂಚಿನಲ್ಲಿ ಕುಯ್ದಾಗ ಆ ಭಾಗದ ನರಗಳು ತುಂಡಾಗುತ್ತವೆ. ಸುದ್ದಿ ಹೋಗುವುದು ಕಡಿಮೆಯಾದಾಗ ಕಣ್ಣೀರು ಸ್ರವಿಸುವುದೂ ಕಡಿಮೆ, ರೆಪ್ಪೆ ಬಡಿಯುವುದೂ ಕಡಿಮೆ. ಗ್ರಂಥಿ ಕಡಿಮೆ ಸ್ರವಿಸಿದರೆ ಅಲ್ಲಿಂದಲೇ ಬರುವ ಲೈಸೋಜೈಮ್, ಲ್ಯಾಕ್ಟೋಫೆರಿನ್‌ಗಳ ಪೂರೈಕೆಯೂ ಇಳಿಯುತ್ತದೆ. ಮೇಲ್ಮೈಯ ಕೋಶಗಳನ್ನು ಪೋಷಿಸುವ ಕೆಲವು ಪದಾರ್ಥಗಳು ಕೂಡ ಇದೇ ನರಗಳಿಂದ ಬರುತ್ತವೆ, ಹಾಗಾಗಿ ಸಣ್ಣ ತರಚು ಮಾಯುವುದಕ್ಕೂ ಹೆಚ್ಚು ಹೊತ್ತು ಬೇಕು.

ಇದರ ಜೊತೆಗೆ ಆಪರೇಷನ್ ಟೇಬಲ್ಲಿನ ಮೇಲೆ ನಡೆಯುವ ಉಳಿದದ್ದೂ ಸೇರಿಕೊಳ್ಳುತ್ತದೆ. ಕಣ್ಣು ಮರಗಟ್ಟಿಸುವ ಹನಿಗಳು, ಸೂಕ್ಷ್ಮದರ್ಶಕದ ಪ್ರಖರ ಬೆಳಕು, ರೆಪ್ಪೆಯನ್ನು ಅಗಲಿಸಿ ಹಿಡಿಯುವ ಕ್ಲಿಪ್ಪು, ಮೇಲಿಂದ ಮೇಲೆ ಬಿಡುವ ದ್ರಾವಣ. ಇವೆಲ್ಲ ಗಾಬ್ಲೆಟ್ ಕೋಶಗಳನ್ನು ಕಂಗೆಡಿಸುತ್ತವೆ, ಲೋಳೆ ಕಡಿಮೆಯಾಗುತ್ತದೆ. ಮೊದಲಿಗೆ ಕಣ್ಣಿನ ಮೇಲೆ ಬಿಡುವ ಕಂದುಬಣ್ಣದ ಪೊವಿಡೋನ್ ಅಯೋಡಿನ್ ದ್ರಾವಣವೂ ಕೋಶಗಳಿಗೆ ಖಾರವೇ. ಆದರೆ ಅದನ್ನು ಕೈಬಿಡುವಂತಿಲ್ಲ. ಆಪರೇಷನ್ ನಂತರದ ಸೋಂಕಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಹೆಚ್ಚಿನ ಸಲ ಹೊರಗಿನಿಂದ ಬಂದದ್ದಲ್ಲ, ರೋಗಿಯ ರೆಪ್ಪೆಯ ಮೇಲೆಯೇ ವರ್ಷಗಟ್ಟಲೆ ಸುಮ್ಮನೆ ಇದ್ದದ್ದು. ಶೇಕಡ 5ರ ಪೊವಿಡೋನ್ ಅಯೋಡಿನ್ ಇದನ್ನು ತಗ್ಗಿಸಿ ಸೋಂಕು ಇಳಿಸುತ್ತದೆ ಎಂಬುದನ್ನು 1991ರಲ್ಲಿ ನ್ಯೂಯಾರ್ಕಿನ ವೈದ್ಯರು ತೋರಿಸಿದರು. ಆಪರೇಷನ್ ಮುಗಿಸುವಾಗ ಕಣ್ಣಿನೊಳಗೇ ಮಾಕ್ಸಿಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್ ಬಿಡುವ ಪದ್ಧತಿಯಿಂದ ಸೋಂಕು ಇನ್ನಷ್ಟು ಇಳಿಯಿತೆಂದು ಮದುರೈನ ಅರವಿಂದ್ ಕಣ್ಣಾಸ್ಪತ್ರೆಗಳ ಲಕ್ಷಗಟ್ಟಲೆ ಆಪರೇಷನ್‌ಗಳ ದಾಖಲೆ ಹೇಳಿತು.

ಹೊಲಿಗೆಯಿಲ್ಲದ ಗಾಯ ಮುಚ್ಚಿಕೊಂಡಿರುವುದು ಕಣ್ಣಿನೊಳಗಿನ ಒತ್ತಡದಿಂದ. ಮೊದಲ ಕೆಲವು ದಿನ ಕಣ್ಣು ಉಜ್ಜಿದರೆ, ಒತ್ತಿದರೆ ಆ ಬಾಯಿ ಒಂದು ಕ್ಷಣ ಸಡಿಲಗೊಂಡು ಹೊರಗಿನ ಕಣ್ಣೀರನ್ನು ಒಳಕ್ಕೆ ಎಳೆದುಕೊಳ್ಳಬಹುದು. ಆ ಕಣ್ಣೀರಿನಲ್ಲಿ ಏನಿದೆಯೋ ಅದೂ ಒಳಗೆ ಹೋದಂತೆಯೇ. ‘ಕಣ್ಣು ಉಜ್ಜಬೇಡಿ’ ಎಂಬ ಒಂದೇ ಮಾತನ್ನು ಡಾಕ್ಟರು ಹತ್ತು ಸಲ ಹೇಳುವುದು ಇದಕ್ಕೆ. ರಾತ್ರಿ ಕಣ್ಣಿನ ಮೇಲೆ ಅಂಟಿಸುವ ಪ್ಲಾಸ್ಟಿಕ್ ಶೀಲ್ಡ್ ಕೂಡ ನಿದ್ದೆಗಣ್ಣಿನಲ್ಲಿ ಕೈ ಹೋಗದಿರಲೆಂದು.

ಆಮೇಲೆ ಔಷಧಿಗಳು. ಉರಿಯೂತ ಇಳಿಸುವ ಸ್ಟಿರಾಯ್ಡ್ ಹನಿ ಬೇಕೇ ಬೇಕು, ಆದರೆ ಅದು ಕಣ್ಣಿನ ಮೇಲ್ಮೈಯ ರೋಗನಿರೋಧಕ ಶಕ್ತಿಯನ್ನೂ ಜೊತೆಗೇ ಇಳಿಸುತ್ತದೆ. ನೋವು ಕಡಿಮೆ ಮಾಡುವ ಕೀಟೋರೊಲ್ಯಾಕ್ ತರಹದ ಹನಿಗಳು ಕಾರ್ನಿಯಾದ ಸ್ಪರ್ಶಜ್ಞಾನವನ್ನು ತುಸು ಮಂಕಾಗಿಸುತ್ತವೆ. ಬಾಟಲಿ ಕೆಡದಿರಲೆಂದು ಬಹಳಷ್ಟು ಹನಿಗಳಿಗೆ ಬೆರೆಸುವ ಬೆಂಜಾಲ್ಕೋನಿಯಮ್ ಕ್ಲೋರೈಡ್ ಗುಣದಲ್ಲಿ ಸೋಪಿನ ಜಾತಿಯದು. ಅದು ಜಿಡ್ಡಿನ ಪದರವನ್ನು ಒಡೆಯುತ್ತದೆ, ಮೇಲ್ಮೈಯ ಕೋಶಗಳಿಗೂ ಒಳ್ಳೆಯದಲ್ಲ. ಕೊನೆಗೆ, ಏನೂ ಬೆರೆಸದ ಶುದ್ಧ ಹನಿಯಾದರೂ ಸರಿ, 7 ಮೈಕ್ರೋಲೀಟರ್ ಇರುವ ಜಾಗಕ್ಕೆ 40 ಮೈಕ್ರೋಲೀಟರ್ ಬಿದ್ದರೆ ಇದ್ದ ಕಣ್ಣೀರು ಅದರ ಪ್ರೋಟೀನುಗಳ ಸಮೇತ ತೊಳೆದುಹೋಗುತ್ತದೆ. ಹೇಳಿದ್ದಕ್ಕಿಂತ ಎರಡು ಸಲ ಜಾಸ್ತಿ ಹಾಕಿದರೆ ಬೇಗ ವಾಸಿಯಾಗುತ್ತದೆ ಎಂಬ ನಂಬಿಕೆ ಇದ್ದರೆ ದಯವಿಟ್ಟು ಬಿಡಿ.

ಈ ಎಲ್ಲದರ ಒಟ್ಟು ಪರಿಣಾಮ ಮೊದಲ ವಾರದಿಂದ ಒಂದು ತಿಂಗಳವರೆಗೆ ಜೋರಾಗಿರುತ್ತದೆ. ಹೆಚ್ಚಿನವರಲ್ಲಿ ಮೂರು ತಿಂಗಳ ಹೊತ್ತಿಗೆ ನರಗಳು ಚೇತರಿಸಿಕೊಂಡು ಕಣ್ಣೀರು ತನ್ನ ಹದಕ್ಕೆ ಮರಳುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ನೂ ನಿಧಾನ. ಅವರ ಕಾರ್ನಿಯಾದ ನರಗಳು ಆಪರೇಷನ್‌ಗೆ ಮುಂಚೆಯೇ ಸೋತಿರಬಹುದು.

ಕನ್ನಡಕ ಬಿಡಿಸುವ ಲೇಸರ್, ದಾನದ ಕಾರ್ನಿಯಾ

ಪೊರೆ ಆಪರೇಷನ್‌ನಲ್ಲಿ ಅಂಚಿನ ಒಂದು ಭಾಗದ ನರಗಳಷ್ಟೇ ಹೋದರೆ, ಕನ್ನಡಕ ಬಿಡಿಸಲು ಮಾಡುವ ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಪದರವನ್ನು ಒಂದು ಕೀಲು ಬಿಟ್ಟು ಸುತ್ತಲೂ ಎತ್ತುತ್ತಾರೆ. ಬಹುಪಾಲು ನರಗಳು ಒಟ್ಟಿಗೆ ತುಂಡಾಗುತ್ತವೆ. ಸ್ಪರ್ಶಜ್ಞಾನ ಮರಳಲು ಆರು ತಿಂಗಳಿಂದ ಒಂದು ವರ್ಷ ಬೇಕು. ಇದನ್ನು ಮಾಡಿಸಿಕೊಳ್ಳುವವರು ಹೆಚ್ಚಾಗಿ ಇಪ್ಪತ್ತರ, ಮೂವತ್ತರ ಹರೆಯದವರು. ಅವರಲ್ಲಿ ಅನೇಕರು ದಿನವಿಡೀ ಎ.ಸಿ. ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವರು. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಸಹಜವಾಗಿಯೇ ಅರ್ಧಕ್ಕಿಳಿಯುತ್ತದೆ. ನರಗಳೂ ಇಲ್ಲದಾಗ ಅದು ಇನ್ನೂ ಕಡಿಮೆ. ಶುಕ್ರವಾರ ಮಾಡಿಸಿಕೊಂಡು ಸೋಮವಾರ ಹತ್ತು ಗಂಟೆ ಕೆಲಸಕ್ಕೆ ಕೂರುವ ಯೋಜನೆ ನನಗೆ ಸರಿ ಕಾಣುವುದಿಲ್ಲ. ದೃಷ್ಟಿ ಬಂದಿರಬಹುದು, ಕಣ್ಣೀರು ಬಂದಿರುವುದಿಲ್ಲ. ಸ್ಮೈಲ್ ಎಂಬ ಹೊಸ ವಿಧಾನದಲ್ಲಿ ಗಾಯ 2ರಿಂದ 4 ಮಿಲಿಮೀಟರ್ ಮಾತ್ರ ಇರುವುದರಿಂದ ನರಗಳಿಗೆ ಏಟು ಕಡಿಮೆ. ಕಣ್ಣು ಮೊದಲೇ ಒಣಗುವ ಗುಣದ್ದಾಗಿದ್ದರೆ ಡಾಕ್ಟರ ಹತ್ತಿರ ಈ ವಿಷಯ ಕೇಳಿ.

ಕಾರ್ನಿಯಾ ಕಸಿಯದು ಇನ್ನೂ ನಾಜೂಕಾದ ಪರಿಸ್ಥಿತಿ. ಡಾ. ರಾಜ್‌ಕುಮಾರ್ ಅವರ ನೇತ್ರದಾನದಿಂದ, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದದ್ದರಿಂದ ಕನ್ನಡನಾಡಿನಲ್ಲಿ ನೇತ್ರದಾನ ಮನೆಮಾತಾಗಿದೆ. ದಾನಿಯಿಂದ ಬರುವುದು ಪಾರದರ್ಶಕ ಪಟಲ. ಅದನ್ನು ತೇವವಾಗಿಟ್ಟು, ಸೋಂಕಿನಿಂದ ಕಾಯುವ ಕಣ್ಣೀರು ಪಡೆದವರದ್ದೇ. ಪೂರ್ಣ ದಪ್ಪದ ಕಸಿಯಲ್ಲಿ ನರಗಳೆಲ್ಲ ತುಂಡಾಗಿರುತ್ತವೆ, ಹೊಲಿಗೆ ತಿಂಗಳುಗಟ್ಟಲೆ ಇರುತ್ತದೆ, ಸ್ಟಿರಾಯ್ಡ್ ಹನಿ ಅದಕ್ಕಿಂತಲೂ ಹೆಚ್ಚು ಕಾಲ ನಡೆಯುತ್ತದೆ. ಸಡಿಲಾದ ಒಂದು ಹೊಲಿಗೆಗೆ ಲೋಳೆ ಸುತ್ತಿಕೊಂಡರೆ ಅಲ್ಲೇ ಸೋಂಕು ಮನೆಮಾಡುತ್ತದೆ. ಸ್ಪರ್ಶಜ್ಞಾನ ಇಲ್ಲದ್ದರಿಂದ ನೋವೂ ಗೊತ್ತಾಗದೆ ಇರಬಹುದು. ಕಸಿ ಮಾಡಿಸಿಕೊಂಡವರು ನೋವಿಗಾಗಿ ಕಾಯದೆ, ಕೆಂಪಾದರೆ, ಮಂಜಾದರೆ, ಬೆಳಕು ಚುಚ್ಚಿದರೆ ಅವತ್ತೇ ಹೊರಡಬೇಕು.

ಮೊದಲೇ ಮಾಡಿಕೊಳ್ಳಬೇಕಾದ ತಯಾರಿ

ಪೊರೆ ಆಪರೇಷನ್ ತುರ್ತಿನದ್ದಾಗಿರುವುದು ಅಪರೂಪ. ತಾರೀಖು ಗೊತ್ತುಮಾಡುವ ಮುಂಚೆ ಕಣ್ಣೀರಿನ ಪರೀಕ್ಷೆ ಆಗಲಿ ಎಂದು ಕೇಳಿ. ಶರ್ಮರ್ ಪರೀಕ್ಷೆಯಲ್ಲಿ ಕೆಳರೆಪ್ಪೆಯೊಳಗೆ ಸೋಸುಕಾಗದದ ಸಣ್ಣ ಪಟ್ಟಿಯ ತುದಿ ಸಿಕ್ಕಿಸಿ ಐದು ನಿಮಿಷ ಬಿಡುತ್ತಾರೆ. ಕಾಗದ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಎಂದು ಅಳೆಯುತ್ತಾರೆ. 10 ಮಿಲಿಮೀಟರಿಗಿಂತ ಕಡಿಮೆಯಾದರೆ ಅನುಮಾನ, 5ಕ್ಕಿಂತ ಕಡಿಮೆಯಾದರೆ ಕಣ್ಣೀರಿನ ಕೊರತೆ ಸ್ಪಷ್ಟ. ಇನ್ನೊಂದರಲ್ಲಿ ಹಳದಿ ಬಣ್ಣ ತಾಗಿಸಿ, ಕಣ್ಣು ಮಿಟುಕಿಸದೆ ಇದ್ದಾಗ ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆಯುತ್ತದೆ ಎಂದು ನೋಡುತ್ತಾರೆ. 10 ಸೆಕೆಂಡೂ ನಿಲ್ಲದಿದ್ದರೆ ಪದರ ದುರ್ಬಲ ಎಂದರ್ಥ. ಈ ಪರೀಕ್ಷೆಗಳಿಂದ ಇನ್ನೊಂದು ಲಾಭವೂ ಇದೆ. ಕಣ್ಣು ಒಣಗಿದ್ದಾಗ ಕಾರ್ನಿಯಾದ ಬಾಗಿನ ಅಳತೆ ತಪ್ಪಾಗಬಹುದು, ಆ ಅಳತೆಯ ಮೇಲೆಯೇ ಒಳಗಿಡುವ ಲೆನ್ಸಿನ ಪವರ್ ನಿರ್ಧಾರವಾಗುತ್ತದೆ.

ಕಣ್ಣೀರು ಮೂಗಿಗೆ ಇಳಿಯುವ ನಾಳ ತೆರೆದಿದೆಯೇ ಎಂದು ಸಿರಿಂಜಿನಿಂದ ನೀರು ಬಿಟ್ಟು ನೋಡುವುದು ನಮ್ಮ ಆಸ್ಪತ್ರೆಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಗಂಟಲಿಗೆ ಉಪ್ಪುಪ್ಪಾಗಿ ನೀರು ಬಂತೇ ಎಂದು ಕೇಳುತ್ತಾರಲ್ಲ, ಅದೇ. ನಾಳ ಮುಚ್ಚಿಹೋಗಿ ಚೀಲದಲ್ಲಿ ಕೀವು ನಿಂತಿದ್ದರೆ ಮೊದಲು ಅದರ ಚಿಕಿತ್ಸೆ ಆಗಬೇಕು, ಪೊರೆ ಆಮೇಲೆ. ಎವೆಗಳ ಬುಡದಲ್ಲಿ ಹೊಟ್ಟು, ಬೆಳಗ್ಗೆ ಎದ್ದಾಗ ರೆಪ್ಪೆಗೆ ಅಂಟಿದ ಗೀಜು, ಪದೇಪದೇ ಕಣ್ಣುಗುಳ್ಳೆ ಏಳುವುದು, ಇವು ರೆಪ್ಪೆಯ ಜಿಡ್ಡಿನ ಗ್ರಂಥಿಗಳು ಕಟ್ಟಿಕೊಂಡ ಲಕ್ಷಣ. ಆಪರೇಷನ್‌ಗೆ ಎರಡು-ಮೂರು ವಾರ ಮುಂಚಿನಿಂದ ದಿನವೂ ಹದವಾದ ಬಿಸಿನೀರಿನಲ್ಲಿ ಹಿಂಡಿದ ಶುಭ್ರ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದರಿಂದ ಹತ್ತು ನಿಮಿಷ ಇಟ್ಟು, ಆಮೇಲೆ ಎವೆಯ ಬುಡವನ್ನು ಮೆಲ್ಲಗೆ ಒರೆಸಿದರೆ ಜಿಡ್ಡು ಸಡಿಲವಾಗಿ ಹರಿಯುತ್ತದೆ. ಈ ಶಾಖ ಆಪರೇಷನ್‌ಗೆ ಮುಂಚೆ ಮಾತ್ರ. ಆದ ಮೇಲೆ ಡಾಕ್ಟರು ಹೇಳುವ ತನಕ ಕಣ್ಣಿಗೆ ಏನನ್ನೂ ಒತ್ತಬಾರದು.

ಸಂಧಿವಾತ, ಥೈರಾಯ್ಡ್, ಸಕ್ಕರೆ ಕಾಯಿಲೆ, ವರ್ಷಗಳಿಂದ ಹಾಕುತ್ತಿರುವ ಗ್ಲಾಕೋಮಾ ಹನಿ, ನೆಗಡಿ-ಅಲರ್ಜಿಗೆ ನುಂಗುವ ಮಾತ್ರೆ ಇವನ್ನು ಮುಚ್ಚಿಡದೆ ಹೇಳಿ. ಇವೆಲ್ಲ ಕಣ್ಣೀರನ್ನು ತಗ್ಗಿಸುವಂಥವು. ಮುಟ್ಟು ನಿಂತ ಹೆಂಗಸರಲ್ಲಿ ಕಣ್ಣೊಣಗುವುದು ಹೆಚ್ಚು. ತಾಯಂದಿರು ಅದನ್ನು ‘ವಯಸ್ಸಾಯ್ತಲ್ಲ’ ಎಂದು ತಾವೇ ತಳ್ಳಿಹಾಕಿಬಿಡುತ್ತಾರೆ, ಮನೆಯವರು ಕೇಳಿ ತಿಳಿದುಕೊಳ್ಳಬೇಕು.

ಚಳಿಗಾಲದಲ್ಲೇ ಮಾಡಿಸಬೇಕು ಎಂಬುದು ದೊಡ್ಡ ಗಾಯದ ಕಾಲದ ಮಾತು. ಈಗ ಯಾವ ಋತುವಾದರೂ ಆದೀತು. ಆದರೆ ಧೂಳಿನ ಲೆಕ್ಕ ಮಾತ್ರ ಇಡಿ. ಜೋಳದ ರಾಶಿ, ತೊಗರಿ ಒಕ್ಕಣೆ ಇನ್ನೆರಡು ವಾರ ಇದೆ ಎನ್ನುವಾಗ ಮಾಡಿಸಿಕೊಂಡರೆ ರೈತನನ್ನು ಮನೆಯಲ್ಲಿ ಕೂರಿಸುವುದು ಕಷ್ಟ. ಹೊಲದ ಕೆಲಸದವರಲ್ಲಿ ಹೊಟ್ಟು, ಎಲೆಯ ತುದಿ ತಾಗಿ ಆಗುವ ಶಿಲೀಂಧ್ರದ ಸೋಂಕು ನಮ್ಮ ದೇಶದಲ್ಲಿ ಕಣ್ಣು ಕಳೆಯುವ ದೊಡ್ಡ ಕಾರಣಗಳಲ್ಲಿ ಒಂದು. ಸ್ಟಿರಾಯ್ಡ್ ಹನಿ ಹಾಕುತ್ತಿರುವ ಕಣ್ಣಿಗೆ ಅದು ತಗಲಿದರೆ ಇನ್ನೂ ಬೇಗ ಹರಡುತ್ತದೆ. ಬಾಗಲಕೋಟೆ ಕಡೆಯವರು ಹೋಳಿಯ ಬಣ್ಣದಾಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹನಿ ಹಾಕುವ ಕೈ

ಮೊದಲು ಕೈಯನ್ನು ಸೋಪು ಹಚ್ಚಿ ತೊಳೆದು, ಗಾಳಿಗೆ ಆರಲು ಬಿಡಿ ಅಥವಾ ಆಗಷ್ಟೇ ಒಗೆದ ಬಟ್ಟೆಯಲ್ಲಿ ಒರೆಸಿ. ರೋಗಿ ಮಲಗಿರಲಿ, ಇಲ್ಲವೇ ತಲೆ ಹಿಂದಕ್ಕೆ ಒರಗಿಸಿ ಕೂರಲಿ. ಮೇಲಕ್ಕೆ, ಸೂರಿನ ಕಡೆ ನೋಡಲು ಹೇಳಿ. ಎಡಗೈಯ ತೋರುಬೆರಳಿನಿಂದ ಕೆಳರೆಪ್ಪೆಯ ಕೆಳಗಿನ ಚರ್ಮವನ್ನು ಕೆನ್ನೆಯ ಮೂಳೆಯ ಕಡೆಗೆ ಎಳೆಯಿರಿ. ಕಣ್ಣುಗುಡ್ಡೆಯ ಮೇಲೆ ಒತ್ತಡ ಬೀಳಬಾರದು. ರೆಪ್ಪೆ ಮತ್ತು ಗುಡ್ಡೆಯ ನಡುವೆ ಒಂದು ಪುಟ್ಟ ಜೋಳಿಗೆ ತೆರೆದುಕೊಳ್ಳುತ್ತದೆ. ಬಾಟಲಿಯನ್ನು ಒಂದು ಅಂಗುಲ ಮೇಲೆ ಹಿಡಿದು ಆ ಜೋಳಿಗೆಗೆ ಒಂದೇ ಒಂದು ಹನಿ ಬಿಡಿ. ಬಾಟಲಿಯ ತುದಿ ಎವೆಗಾಗಲಿ ರೆಪ್ಪೆಗಾಗಲಿ ತಾಗಿತೋ, ರೆಪ್ಪೆಯ ಬ್ಯಾಕ್ಟೀರಿಯಾ ಬಾಟಲಿಗೆ ಹೋಯಿತು, ಮುಂದಿನ ಸಲ ಅದೇ ಕಣ್ಣಿಗೆ ಬಂತು. ಹನಿ ಬಿದ್ದ ಮೇಲೆ ಕಣ್ಣನ್ನು ಕಿವುಚದೆ, ನಿದ್ದೆ ಬಂದ ಹಾಗೆ ಮೆಲ್ಲಗೆ ಮುಚ್ಚಲಿ. ಮೂಗಿನ ಪಕ್ಕದ ಮೂಲೆಯಲ್ಲಿ, ಗುಡ್ಡೆಗೆ ತಾಗದಂತೆ, ಮೂಗಿನ ಮೂಳೆಯ ಮೇಲೆ ಬೆರಳಿಟ್ಟು ಒಂದೆರಡು ನಿಮಿಷ ಹಗುರವಾಗಿ ಅದುಮಿದರೆ ಔಷಧಿ ಮೂಗಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ. ಹೊರಗೆ ಚೆಲ್ಲಿದ್ದನ್ನು ಕೆನ್ನೆಯ ಮೇಲೆ ಮಾತ್ರ ಒರೆಸಿ.

ಇನ್ನೊಂದು ಔಷಧಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಬೆನ್ನಿಗೇ ಹಾಕಿದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಮುಲಾಮು ಇದ್ದರೆ ಕೊನೆಗೆ. ಬಾಟಲಿಗಳಿಗೆ 1, 2, 3 ಎಂದು ದೊಡ್ಡದಾಗಿ ಬರೆದು ಅಂಟಿಸಿ. ಚೀಟಿಯಲ್ಲಿ ಇರುವುದನ್ನು ಕನ್ನಡದಲ್ಲಿ ಹೊತ್ತು ಹೊತ್ತಿಗೆ ಬರೆದು ಗೋಡೆಗೆ ಹಚ್ಚಿ. ತೆರೆದ ಬಾಟಲಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಪಕ್ಕದ ಮನೆಯವರ ಉಳಿದ ಬಾಟಲಿ ಎಂದೂ ಬೇಡ.

ಒಣಗುವಿಕೆಗೆ ಡಾಕ್ಟರು ಕೃತಕ ಕಣ್ಣೀರು ಬರೆದುಕೊಟ್ಟರೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಹಾಕಬೇಕಾಗಿದ್ದಲ್ಲಿ ಪ್ರಿಸರ್ವೇಟಿವ್ ಇಲ್ಲದ್ದೇ ಬೇಕೆಂದು ಕೇಳಿ ಪಡೆಯಿರಿ. ಬೆಲೆ ತುಸು ಹೆಚ್ಚು, ಆದರೆ ಈ ವಾರಗಳಲ್ಲಿ ಆ ಹಣ ದಂಡವಲ್ಲ. ಕೃತಕ ಕಣ್ಣೀರು ಕಣ್ಣನ್ನು ಒದ್ದೆಯಾಗಿಡುತ್ತದೆ ಅಷ್ಟೇ, ಅದರಲ್ಲಿ ಲೈಸೋಜೈಮೂ ಇಲ್ಲ, ಐಜಿಎಯೂ ಇಲ್ಲ. ಅದನ್ನು ಹಾಕುತ್ತಿದ್ದೇವೆಂದು ಉಳಿದ ಎಚ್ಚರಿಕೆ ಸಡಿಲಿಸುವಂತಿಲ್ಲ. ಸ್ಟಿರಾಯ್ಡ್ ಹನಿಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಸುತ್ತಾರೆ. ನಡುವೆ ನಿಲ್ಲಿಸಬೇಡಿ, ಮುಗಿದ ಮೇಲೆ ‘ಚೆನ್ನಾಗಿತ್ತು’ ಎಂದು ಮೆಡಿಕಲ್ ಶಾಪಿನಿಂದ ಮತ್ತೆ ತರಲೂ ಬೇಡಿ. ಅದರಿಂದ ಕಣ್ಣಿನ ಒತ್ತಡ ಏರಿ ಗೊತ್ತಿಲ್ಲದೆ ದೃಷ್ಟಿನರ ಹಾಳಾದವರಿದ್ದಾರೆ.

ಸೆರಗು, ಟವೆಲು, ನಂದಿಬಟ್ಟಲು

ನೀರು ಸುರಿದ ತಕ್ಷಣ ಅಮ್ಮನ ಕೈ ಸೆರಗಿಗೆ, ಅಪ್ಪನ ಕೈ ಹೆಗಲ ಮೇಲಿನ ಟವೆಲಿಗೆ ಹೋಗುವುದು ಒಂದು ಜನ್ಮದ ಅಭ್ಯಾಸ. ಅಡುಗೆಮನೆಯ ಎಣ್ಣೆ, ಬೆವರು, ಹೊಲದ ಮಣ್ಣು ಎಲ್ಲ ಮೆತ್ತಿದ ಆ ತುದಿ ನೇರ ಗಾಯದ ಬಾಯಿಗೆ ಹೋಗುತ್ತದೆ. ಬೈಯಬೇಡಿ, ಬದಲಿಗೆ ಕೈಗೆಟುಕುವಲ್ಲಿ ಬೇರೆ ವ್ಯವಸ್ಥೆ ಮಾಡಿ. ಶುಭ್ರ ಹತ್ತಿಯ ಉಂಡೆಗಳನ್ನು ಒಂದು ಪಾತ್ರೆಯಲ್ಲಿ ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು ಆರಿಸಿ. ಬೆಳಗ್ಗೆ, ಸಂಜೆ ಒಂದೊಂದನ್ನು ಹಿಂಡಿ, ಮುಚ್ಚಿದ ಕಣ್ಣನ್ನು ಮೂಗಿನ ಕಡೆಯಿಂದ ಹೊರಕ್ಕೆ ಒಂದೇ ಸಲ ಮೆಲ್ಲಗೆ ಒರೆಸಿ ಆ ಹತ್ತಿಯನ್ನು ಎಸೆಯಿರಿ. ಮರುದಿನಕ್ಕೆ ಹೊಸದಾಗಿ ಕುದಿಸಿ.

ನಂದಿಬಟ್ಟಲು ಹೂವಿನ ರಸ, ಜೇನುತುಪ್ಪ, ಹರಳೆಣ್ಣೆ, ಎದೆಹಾಲು, ಗುಲಾಬಿನೀರು ಕಣ್ಣಿಗೆ ತಂಪು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಪ್ರೀತಿಯಿಂದಲೇ ತಂದು ಹಾಕುತ್ತಾರೆ. ಆದರೆ ಇವು ಯಾವುವೂ ಕ್ರಿಮಿರಹಿತವಲ್ಲ. ಗಟ್ಟಿಮುಟ್ಟಾದ ಕಣ್ಣೀರು ಇದ್ದಾಗ ಅವನ್ನು ಹೇಗೋ ತಾಳಿಕೊಂಡ ಕಣ್ಣು ಈಗ ತಾಳಿಕೊಳ್ಳಲಾರದು. ಕಾಡಿಗೆಯೂ ಒಂದು ತಿಂಗಳು ಬೇಡ. ತಲೆಗೆ ನೀರು ಹಾಕಿಕೊಳ್ಳುವುದು ಯಾವಾಗ ಎಂಬುದನ್ನು ಡಾಕ್ಟರನ್ನೇ ಕೇಳಿ, ಹೆಚ್ಚಿನವರು ಒಂದೆರಡು ವಾರ ಬೇಡ ಎನ್ನುತ್ತಾರೆ. ಅಲ್ಲಿಯವರೆಗೆ ಕುತ್ತಿಗೆಯಿಂದ ಕೆಳಗೆ ಸ್ನಾನ, ಮುಖಕ್ಕೆ ಒದ್ದೆಬಟ್ಟೆ. ಕೆರೆ, ಹೊಳೆ, ಬಾವಿ, ಈಜುಕೊಳ ಇನ್ನೂ ಹೆಚ್ಚು ದಿನ ದೂರವಿರಲಿ.

ಫ್ಯಾನಿನ ನೇರ ಕೆಳಗೆ ಮಲಗಿದರೆ, ಬಸ್ಸಿನ ಕಿಟಕಿ ಪಕ್ಕ ಕೂತರೆ, ಸೌದೆ ಒಲೆಯ ಹೊಗೆಯ ಮುಂದೆ ಕೂತರೆ ಇರುವ ಅಲ್ಪ ಕಣ್ಣೀರೂ ಆವಿಯಾಗುತ್ತದೆ. ಕಪ್ಪು ಕನ್ನಡಕ ಬೆಳಕಿಗೆ ಮಾತ್ರವಲ್ಲ, ಗಾಳಿಗೂ ಧೂಳಿಗೂ ಅಡ್ಡ. ಪೊರೆ ಹೋಗಿ ಕಣ್ಣು ಕಾಣಿಸಿದ ಖುಷಿಗೆ ಹಿರಿಯರು ಮೊಬೈಲು, ಟಿ.ವಿ. ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ನೋಡಲಿ, ಬೇಡ ಎನ್ನಬೇಡಿ. ಆದರೆ ಜಾಹೀರಾತು ಬಂದಾಗಲೆಲ್ಲ ಕಣ್ಣನ್ನು ಪೂರ್ತಿ ಮುಚ್ಚಿ ತೆರೆಯುವ ಅಭ್ಯಾಸ ಮಾಡಿಸಿ. ಅರ್ಧ ಮಿಟುಕಿಸಿದರೆ ಜಿಡ್ಡು ಹರಡುವುದಿಲ್ಲ.

ಇದು ಒಣಗುವಿಕೆಯಲ್ಲ ಎಂದು ತಿಳಿಯುವುದು ಹೇಗೆ

ಒಣಗಿದ ಕಣ್ಣಿನ ಕಿರಿಕಿರಿ ಏರಿಳಿಯುತ್ತದೆ. ಸಂಜೆ, ಗಾಳಿಯಲ್ಲಿ, ಓದುವಾಗ ಹೆಚ್ಚು, ಕಣ್ಣು ಮುಚ್ಚಿ ಮಲಗಿದರೆ ಹಾಯೆನಿಸುತ್ತದೆ. ನೋಟ ಮಂಜಾದರೂ ನಾಲ್ಕು ಸಲ ರೆಪ್ಪೆ ಬಡಿದರೆ ತಿಳಿಯಾಗುತ್ತದೆ. ಕಣ್ಣಿನೊಳಗಿನ ಸೋಂಕಿನ ದಾರಿ ಬೇರೆ. ಹೆಚ್ಚಾಗಿ ಮೊದಲ ವಾರದಲ್ಲಿ, ನಿನ್ನೆಗಿಂತ ಇವತ್ತು ನೋವು ಜಾಸ್ತಿ, ನಿನ್ನೆಗಿಂತ ಇವತ್ತು ದೃಷ್ಟಿ ಕಡಿಮೆ, ಕೆಂಪು ಏರುತ್ತಲೇ ಹೋಗುತ್ತದೆ, ರೆಪ್ಪೆ ಊದುತ್ತದೆ, ಕೀವಿನಂಥ ಗೀಜು ಬರುತ್ತದೆ, ಬೆಳಕು ನೋಡಲಾಗುವುದಿಲ್ಲ. ಇವುಗಳಲ್ಲಿ ದೃಷ್ಟಿ ಇಳಿಯುವುದೊಂದೇ ಕಂಡರೂ ಸಾಕು, ಆಪರೇಷನ್ ಮಾಡಿದ ಆಸ್ಪತ್ರೆಗೆ ಅದೇ ದಿನ ಹೋಗಬೇಕು. ರಾತ್ರಿಯಾಗಿದ್ದರೆ ರಾತ್ರಿಯೇ. ನಾಳಿದ್ದು ತಪಾಸಣೆ ಇದೆಯಲ್ಲ ಎಂದು ಕಾಯಬೇಡಿ. ಕಣ್ಣಿನೊಳಕ್ಕೆ ಆ್ಯಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು ಉಳಿಸುವ ಅವಕಾಶ ಗಂಟೆಗಳ ಲೆಕ್ಕದಲ್ಲಿ ಕೈಜಾರುತ್ತದೆ. ಶಿಬಿರದಲ್ಲಿ ಮಾಡಿಸಿಕೊಂಡವರು ಊರಿಗೆ ಹೊರಡುವ ಮುಂಚೆಯೇ ತುರ್ತಿಗೆ ಯಾರಿಗೆ ಫೋನ್ ಮಾಡಬೇಕು, ಹತ್ತಿರದ ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಚೀಟಿಯ ಹಿಂದೆ ಬರೆಸಿಕೊಳ್ಳಿ.

ಮೂರು ತಿಂಗಳಾದರೂ ಮರಳು ಚುಚ್ಚಿದಂತಾಗುವುದು ನಿಲ್ಲದಿದ್ದರೆ ಸಹಿಸಿಕೊಂಡು ಕೂರದೆ ಶರ್ಮರ್ ಪರೀಕ್ಷೆ ಮತ್ತೆ ಮಾಡಿಸಿ. ಹನಿಗಳನ್ನು ಬದಲಿಸಬಹುದು, ರೆಪ್ಪೆಯ ಗ್ರಂಥಿಗಳಿಗೆ ಚಿಕಿತ್ಸೆ ಕೊಡಬಹುದು, ಕಣ್ಣೀರು ಇಳಿದುಹೋಗುವ ರಂಧ್ರಕ್ಕೆ ಪುಟ್ಟ ಬಿರಡೆ ಇಟ್ಟು ಇರುವ ಕಣ್ಣೀರನ್ನೇ ಹೆಚ್ಚು ಹೊತ್ತು ನಿಲ್ಲಿಸಬಹುದು. ಎರಡನೇ ಕಣ್ಣಿನ ಆಪರೇಷನ್ ಬಾಕಿ ಇದ್ದರೆ, ಮೊದಲನೆಯದಾದ ಮೇಲೆ ಎಷ್ಟು ವಾರ ಒಣಗಿತ್ತು, ಯಾವ ಹನಿ ಉರಿ ತಂದಿತು, ಯಾವುದು ಹಿತವಾಗಿತ್ತು ಎಂಬುದನ್ನು ಬರೆದಿಟ್ಟುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಎರಡನೇ ಕಣ್ಣಿನ ತಾರೀಖನ್ನೂ ಹನಿಗಳನ್ನೂ ಅವರು ಅದನ್ನು ನೋಡಿಯೇ ಗೊತ್ತುಮಾಡಲಿ.